ಒಂದೇ ಟ್ಯಾಂಗೊ

ಫೆಬ್ರವರಿ 9, ಸೋಮವಾರ

ರೈನೆ ಹೋದ. ನಿನ್ನೆ ಬೆಳಿಗ್ಗೆ ಅಂಗಳದ ಹಿಮ ಎತ್ತಿಹಾಕಲು ಹೋದವನು ಅರ್ಧ ದಾರಿ ತೆರವು ಮಾಡಿ ಅಲ್ಲೇ ಕೂತನಂತೆ. ಅವನ ಹೆಂಡತಿ ಮೈರೆ ಕಿಟಕಿಯಿಂದ ನೋಡಿ, ಸುಸ್ತಾಗಿ ಕೂತಿದ್ದಾನೆ ಎಂದುಕೊಂಡು ಕಾಫಿಗೆ ನೀರಿಟ್ಟಳಂತೆ. ಕಾಫಿ ಆದ ಮೇಲೆ ಕರೆದಳಂತೆ.

ನಮ್ಮ ಡ್ರಮ್ಮಿನ ಓಸ್ಮೊ ಫೋನ್ ಮಾಡಿದ. ಹೇಗೆ ಹೇಳುವುದೆಂದು ತಿಳಿಯದೆ ಮೊದಲು ಚಳಿಯ ಮಾತು ತೆಗೆದ. "ನಿಮ್ಮ ಕಡೆ ಎಷ್ಟಿದೆ?" ಎಂದ. ಮೈನಸ್ ಹದಿನೆಂಟು ಎಂದೆ. "ಇಲ್ಲೂ ಅಷ್ಟೇ. ರೈನೆ ಹೋಗ್ಬಿಟ್ಟ ಕಣೇ" ಎಂದ.

ಈ ದಿನಚರಿಯನ್ನು ಕ್ರಿಸ್‌ಮಸ್ಸಿಗೆ ತಂಗಿ ಕೊಟ್ಟಿದ್ದಳು. ಬರೆಯುವಂಥದ್ದು ಏನಾದರೂ ಆಗಲಿ ಎಂದು ಜನವರಿಯನ್ನೆಲ್ಲ ಖಾಲಿ ಬಿಟ್ಟಿದ್ದೆ. ಈಗ ಆಯಿತು.

ಅಳು ಬರುತ್ತಿಲ್ಲ. ಸಿಟ್ಟು ಬರುತ್ತಿದೆ. ಎಪ್ಪತ್ತನಾಲ್ಕರ ಮುದುಕನಿಗೆ ಆ ಚಳಿಯಲ್ಲಿ ಸಲಿಕೆ ಹಿಡಿಯುವ ದರ್ದು ಏನಿತ್ತು? ಕುಣಿತಕ್ಕೆ ಬಾರಿಸುವ, ಅವನದೇ ಹೆಸರಿನ ರೈನೆ ಹಿಯೆತಲಾ ಮೇಳದಲ್ಲಿ ಇನ್ನು ಉಳಿದವರು ಮೂವರು. ಡ್ರಮ್ಮಿಗೆ ಓಸ್ಮೊ, ಬಾಸ್ ಗಿಟಾರಿಗೆ ಬಾಯೇ ಬಿಡದ ಟಾರ್ಮೊ, ಅಕಾರ್ಡಿಯನ್ನಿಗೆ ನಾನು. ಹಾಡುವವನೂ ಇಲ್ಲ, ಮುಂದೆ ನಿಂತು ಒಂದು ಎರಡು ಎಂದು ಎಣಿಸಿ ಹಾಡು ಶುರು ಮಾಡಿಸುವವನೂ ಇಲ್ಲ. ಇಷ್ಟು ವರ್ಷ ನಾನು ಅವನ ಎಡಕ್ಕೆ ಕೂತು, ಅವನ ಬಲಗಾಲಿನ ಬೂಟು ತಟ್ಟುವುದನ್ನು ನೋಡಿಕೊಂಡು ಬಾರಿಸಿದವಳು. ಅಷ್ಟೇ ನನ್ನ ಕೆಲಸ.

ಫೆಬ್ರವರಿ 13, ಶುಕ್ರವಾರ

ಫೋನ್ ಬಡಿದುಕೊಳ್ಳುತ್ತಲೇ ಇದೆ. "ಸುದ್ದಿ ಕೇಳಿದೆಯಾ?" ಎಂದು ಶುರು ಮಾಡುತ್ತಾರೆ. ನಾನು ಕೇಳದೆ ಇನ್ನು ಯಾರು ಕೇಳಬೇಕು? ಆಮೇಲೆ ಒಬ್ಬೊಬ್ಬರದೂ ಒಂದೊಂದು ಕಥೆ. ರೈನೆ ಯಾವುದೋ ಕೆರೆದಂಡೆಯಲ್ಲಿ ಹಾಡಿದ ದಿನವೇ ಒಬ್ಬನಿಗೆ ಹೆಂಡತಿ ಸಿಕ್ಕಿದಳು, ಇನ್ನೊಬ್ಬನಿಗೆ ಇದ್ದ ಹೆಂಡತಿ ಕೈಬಿಟ್ಟಳು. ಎಲ್ಲವನ್ನೂ ಹೂಂ ಹೂಂ ಎಂದು ಕೇಳಿ ಕಿವಿ ಬಿಸಿಯಾಗಿದೆ.

ಕೊನೆಗೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: ಇನ್ನು ಮೇಳದ ಗತಿ ಏನು? ನನ್ನನ್ನು ಕೇಳಿದರೆ ನಾನು ಏನು ಹೇಳಲಿ?

ಫೆಬ್ರವರಿ 28, ಶನಿವಾರ

ಇವತ್ತು ಮಣ್ಣು ಮಾಡಿದೆವು. ನೆಲ ಕಲ್ಲಾಗಿತ್ತು; ಗುಂಡಿ ತೋಡಲು ಎರಡು ದಿನ ಮೊದಲೇ ನೆಲ ಕಾಯಿಸಿದ್ದರಂತೆ.

ಚರ್ಚಿನಲ್ಲಿ ಮನೆಯವರು ಹೂವಿಟ್ಟ ಮೇಲೆ ನಮ್ಮ ಸರದಿ ಬಂತು. ಹೂವಿಗೆ ಕಟ್ಟಿದ ಬಟ್ಟೆಪಟ್ಟಿಯ ಮೇಲಿನ ಮಾತನ್ನು ಶವಪೆಟ್ಟಿಗೆಯ ಮುಂದೆ ನಿಂತು ಗಟ್ಟಿಯಾಗಿ ಓದಬೇಕಲ್ಲ, ಅದನ್ನು ಓಸ್ಮೊ ಓದುವುದೆಂದು ಮಾತಾಗಿತ್ತು. ಬರೆಸಿದವನೂ ಅವನೇ. ಪೆಟ್ಟಿಗೆಯ ಹತ್ತಿರ ಹೋದ ಕೂಡಲೇ ಅವನು ಪಟ್ಟಿಯನ್ನು ನನ್ನ ಕೈಗೆ ತುರುಕಿ ಹಿಂದೆ ಸರಿದ. ಏನು ಬರೆಸಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಕನ್ನಡಕ ಕಾರಿನಲ್ಲಿತ್ತು. ತೋಳು ಉದ್ದ ಮಾಡಿ ಹಿಡಿದು ಓದಿದೆ: "ರೈನೆ, ನೀನು ಎಣಿಕೆ ಕೊಡು. ನಾವು ಬರ್ತೀವಿ. ಅವಸರ ಏನಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಚರ್ಚು ಮೂಗು ಒರೆಸಿಕೊಂಡು ನಕ್ಕಿತು. ಪಾದ್ರಿಯೂ ನಕ್ಕರು. ಮೈರೆ ಮಾತ್ರ ನಗಲಿಲ್ಲ. ನಾನು ಅವಳ ಕಡೆ ತಲೆ ಬಾಗಿಸಿದಾಗ ನನ್ನ ಬೂಟುಗಳನ್ನೇ ನೋಡುತ್ತಿದ್ದಳು.

ಚರ್ಚಿನ ಪಕ್ಕದ ಹಾಲಿನಲ್ಲಿ ಕಾಫಿ, ಮೀನಿಟ್ಟ ಬ್ರೆಡ್ಡಿನ ಕೇಕು. ಬಂದ ಸಂತಾಪದ ಪತ್ರಗಳನ್ನು ಓದುತ್ತಲೇ ಇದ್ದರು. ದೇಶದಲ್ಲಿ ಉಸಿರಾಡುವ ಬ್ಯಾಂಡಿನವರೆಲ್ಲ ಬರೆದಿದ್ದರು. ಅವರಲ್ಲಿ ಅರ್ಧ ಜನ ಬದುಕಿದ್ದಾರೆಂದೇ ನನಗೆ ಗೊತ್ತಿರಲಿಲ್ಲ.

ಹೊರಡುವಾಗ ಮೈರೆ ನನ್ನ ಕೋಟಿನ ತೋಳು ಹಿಡಿದಳು. "ಹೆಲ್ಕಾ, ಒಂದು ಮಾತು. ಮೇಳ ಅಂದ್ರೆ ರೈನೆ. ರೈನೆ ಇಲ್ಲ ಅಂದ್ಮೇಲೆ ಮೇಳ ಇಲ್ಲ. ಜೂನಲ್ಲಿ ಕುಣಿತದ ಮಂಟಪದ ಬಾಗಿಲು ತೆಗೆಯೋ ದಿನ ನೆನಪಿಗೆ ಅಂತ ಬಾರಿಸಿ. ಅಲ್ಲಿಗೆ ಸಾಕು. ಅವನ ಹೆಸರು ಹಾಕ್ಕೊಂಡು ಊರೂರು ತಿರುಗೋದು ಬೇಡ."

ಓಸ್ಮೊ ಬಾಯಿ ತೆಗೆಯುವುದರಲ್ಲಿದ್ದ. ನಾನೇ ಮೊದಲು "ಸರಿ" ಎಂದೆ. ನಿಜ ಹೇಳಬೇಕೆಂದರೆ ಹಗುರವಾಯಿತು. ಅರವತ್ತೆಂಟಾಯಿತು ನನಗೆ. ಅಕಾರ್ಡಿಯನ್ ಹೊತ್ತು ಭುಜ ಇಳಿದುಹೋಗಿದೆ. ಯಾರಾದರೂ ಮುಗಿಯಿತು ಎಂದು ಹೇಳಲಿ ಎಂದೇ ಕಾಯುತ್ತಿದ್ದೆನೋ ಏನೋ.

ಮಾರ್ಚ್ 17, ಮಂಗಳವಾರ

ಸ್ಯಾಕ್ಸೊಫೋನಿನ ಅರ್ಮಸ್ ಸತ್ತ. ನಮ್ಮ ಮೇಳದಲ್ಲಿ ಹಿಂದೆ ನಾಲ್ಕು ಬೇಸಿಗೆ ಇದ್ದವನು, ಒಳ್ಳೆಯ ಉಸಿರಿನ ಮನುಷ್ಯ. ಶ್ವಾಸಕೋಶವೇ ಕೈಕೊಟ್ಟಿತಂತೆ. ಮಗಳು ಫೋನ್ ಮಾಡಿ, "ಆಂಟಿ, ಅಪ್ಪನಿಗೆ ಇಷ್ಟವಾದ ವಾಲ್ಟ್ಜ್‌ಗಳೆಲ್ಲ ನಿಮಗೇ ಗೊತ್ತಲ್ವಾ" ಎಂದಳು. ಗೊತ್ತು. ಅದೇ ತೊಂದರೆ. ಎಲ್ಲರ ಇಷ್ಟವೂ ನನಗೆ ಗೊತ್ತು, ಹಾಗಾಗಿ ಎಲ್ಲರ ಸಾವಿಗೂ ನಾನೇ ಹೋಗಬೇಕು.

ಕಪ್ಪು ಉಡುಪನ್ನು ಕಪಾಟಿಗೆ ಹಾಕುವುದನ್ನೇ ಬಿಟ್ಟಿದ್ದೇನೆ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೇನೆ.

ಮೊದಲೆಲ್ಲ ಯಾರಾದರೂ ಸತ್ತರೆ ಅವರ ಮುಖ ಕಣ್ಣಿಗೆ ಬರುತ್ತಿತ್ತು. ಈಗ ಮುಖಕ್ಕೆ ಮೊದಲು ಅವರು ಹಾಡುತ್ತಿದ್ದ, ಊದುತ್ತಿದ್ದ ಶ್ರುತಿ ಬರುತ್ತದೆ. ಇವನಿಗೆ ಇಷ್ಟು ಎತ್ತರ, ಅವನಿಗೆ ಅಷ್ಟು ಕೆಳಗೆ. ರೈನೆಗೆ ವಯಸ್ಸಾದಂತೆ ಒಂದೊಂದೇ ಮೆಟ್ಟಿಲು ಇಳಿಸುತ್ತಾ ಬಂದೆವು. ಅವನಿಗೆ ಗೊತ್ತಾಗದ ಹಾಗೆ ಇಳಿಸುತ್ತಿದ್ದೆ. ಗೊತ್ತಿತ್ತೇನೋ. ಒಮ್ಮೆಯೂ ಕೇಳಲಿಲ್ಲ.

ಏಪ್ರಿಲ್ 8, ಬುಧವಾರ

ಮೈರೆ ಬಂದಿದ್ದಳು. ಓಸ್ಮೊ ಕೂಡ ಇದ್ದ. ಜೂನಿನ ಕಾರ್ಯಕ್ರಮದ ಮಾತು.

ಪ್ರತಿ ವರ್ಷ ಹಾವಿಸ್ತೊ ಕುಣಿತದ ಮಂಟಪ ಬೇಸಿಗೆಗೆ ಬಾಗಿಲು ತೆರೆದ ದಿನ, ಕುಣಿತಕ್ಕೆ ಮೊದಲು, ಹೋದ ಬೇಸಿಗೆಯಿಂದ ಈಚೆಗೆ ತೀರಿಕೊಂಡ ವಾದ್ಯದವರ, ಮೇಳದ ಯಜಮಾನರ ಹೆಸರುಗಳನ್ನು ವೇದಿಕೆಯಿಂದ ಹೇಳುವುದು ಪದ್ಧತಿ. ಆಮೇಲೆ ಅವರ ನೆನಪಿಗೆ ಒಂದು ಜೋಡಿ ಟ್ಯಾಂಗೊ. ಇಷ್ಟು ವರ್ಷ ಹೆಸರು ಹೇಳುತ್ತಿದ್ದವನು ರೈನೆ. ಈ ಸಲ ಅವನ ಹೆಸರೂ ಇದೆ.

"ಒಂದೇ ಒಂದು ಬಾರಿಸಿ" ಎಂದಳು ಮೈರೆ. "ಅವನು ಕಟ್ಟಿದ ಟ್ಯಾಂಗೊ. ಯಾರೂ ಹಾಡೋದು ಬೇಡ. ಮುಗಿದ ಮೇಲೆ ಎದ್ದು ಹೋಗ್ಬಿಡಿ. ಮಿಕ್ಕ ಹೊತ್ತಿಗೆ ಬೇರೆ ಯಾರ್ದಾದ್ರೂ ರೆಕಾರ್ಡು ಹಾಕ್ಕೊಳ್ಳಿ."

ಓಸ್ಮೊ ಬಟ್ಟಲು ಕೆಳಗಿಟ್ಟ. "ಒಂದೇ? ತಮಾಷೆ ಮಾಡ್ತಿದ್ದೀಯಾ? ಈ ದೇಶದಲ್ಲಿ ಯಾರನ್ನಾದ್ರೂ ಒಂದೇ ಹಾಡಿಗೆ ಕುಣಿಯೋ ನೆಲದ ಮೇಲೆ ಬಿಟ್ಟು ಬಂದಿದ್ದುಂಟಾ?"

ಅವನು ಹೇಳಿದ್ದು ಸರಿಯೇ. ಮಂಟಪದಲ್ಲಿ ಯಾವುದನ್ನು ಬಾರಿಸಿದರೂ ಎರಡೆರಡು. ಗಂಡು ಹೆಣ್ಣನ್ನು ಕರೆದರೆ ಎರಡು ಹಾಡಿಗೆ ಕರೆದಂತೆ. ಎರಡೂ ಮುಗಿದ ಮೇಲೆ ಅವಳನ್ನು ಬೆಂಚಿನವರೆಗೆ ಕರೆತಂದು ಬಿಡಬೇಕು. ಒಂದಕ್ಕೇ ಕೈಬಿಟ್ಟು ನಡೆದರೆ, ನಿನ್ನ ಜೊತೆ ಆಗುವುದಿಲ್ಲ ಎಂದು ಊರ ಮುಂದೆ ಹೇಳಿದ ಹಾಗೆ. ಅದನ್ನು ಸಹಿಸುವ ಹೆಂಗಸನ್ನು ನಾನು ನೋಡಿಲ್ಲ.

"ಅದು ಕುಣಿಯೋರ ಕಟ್ಟಳೆ" ಎಂದಳು ಮೈರೆ. "ಇದು ಸಾವು."

"ನೀನು ಅಲ್ಲಿ ಯಾವತ್ತಾದ್ರೂ ಕುಣಿದಿದ್ದೀಯಾ?"

ಓಸ್ಮೊ ಹಾಗೆ ಕೇಳಬಾರದಿತ್ತು. ಮೈರೆ ಮೇಜುಬಟ್ಟೆಯ ನೆರಿಗೆ ತೀಡಿದಳು. "ಯಾರ ಜೊತೆ ಕುಣೀಲಿ? ನನ್ನ ಗಂಡ ವೇದಿಕೆ ಮೇಲಿದ್ನಲ್ಲ. ಯಜಮಾನನ ಹೆಂಡತಿ ಅಂತ ಬೇರೆಯವರೂ ಕರೀತಿರ್ಲಿಲ್ಲ. ಕಾಫಿ ಗೂಡಲ್ಲಿ ನಿಂತು ಮಾಂಸದ ಕಡುಬು ಬಿಸಿ ಮಾಡ್ತಿದ್ದೆ." ಆಮೇಲೆ ನನ್ನ ಕಡೆ ತಿರುಗಿದಳು. "ನಿಮಗೆ ಶನಿವಾರದ ರೈನೆ ಸಿಕ್ಕಿದ ಹೆಲ್ಕಾ. ಬಿಳಿ ಅಂಗಿ, ನಗು, ಹಾಡು. ನನಗೆ ಸೋಮವಾರದ ರೈನೆ. ಮಾತಿಲ್ಲ ಕತೆಯಿಲ್ಲ, ಗೊರಕೆ ಹೊಡ್ಕೊಂಡು ಬಿದ್ದಿರ್ತಿದ್ದ. ಈಗ ಸತ್ತ ಮೇಲೂ ಶನಿವಾರದೋನು ನಿಮ್ಮ ಹತ್ರನೇ ಇರ್ಬೇಕಾ?"

ಒಂದೇ ಬಾರಿಸುತ್ತೇವೆ ಎಂದೆ. ಓಸ್ಮೊ ಬಾಗಿಲು ಬಡಿದು ಹೋದ. ಅವನಿಗೆ ಮೇಳ ಇಲ್ಲದೆ ಮನೆಯಲ್ಲಿ ಮಾಡಲು ಏನೂ ಇಲ್ಲ, ಪಾಪ.

ಏಪ್ರಿಲ್ 19, ಭಾನುವಾರ

ಏನೂ ಇಲ್ಲ. ಕೆರೆಯ ಮಂಜುಗಡ್ಡೆ ಕಪ್ಪಾಗಿದೆ. ಮಲಗಿದ್ದೆ, ಎದ್ದೆ, ಮತ್ತೆ ಮಲಗಿದೆ. ವಾದ್ಯದ ಪೆಟ್ಟಿಗೆ ತೆರೆಯಲಿಲ್ಲ.

ಮೇ 12, ಮಂಗಳವಾರ

ಓಸ್ಮೊನ ಗ್ಯಾರೇಜಿನಲ್ಲಿ ಅಭ್ಯಾಸ. ಒಂದೇ ಟ್ಯಾಂಗೊಗೆ ಅಭ್ಯಾಸವೇನು ಬೇಕು ಎಂದು ಗೊಣಗಿಕೊಂಡೇ ಹೋದೆ. ಹಾಡುವವರಿಲ್ಲದಿದ್ದರೆ ರಾಗ ನನ್ನ ಬಲಗೈಗೆ ಬರುತ್ತದೆ. ರೈನೆಯ ಶ್ರುತಿಯಲ್ಲಿ ಅದು ಮಂದವಾಗಿ ಮಣ್ಣಲ್ಲಿ ಹೂತ ಹಾಗೆ ಕೇಳುತ್ತಿತ್ತು. ಶ್ರುತಿಯನ್ನು ಮೇಲಕ್ಕೆ ಎತ್ತಿದೆ. ಟಾರ್ಮೊ ಹುಬ್ಬು ಹಾರಿಸಿದ. "ಇನ್ನು ಯಾರ ಗಂಟಲಿಗೂ ಕಾಯೋ ಹಾಗಿಲ್ಲ, ಬಾರಿಸು" ಎಂದೆ. ಬಾರಿಸಿದ. ಚೆನ್ನಾಗಿ ಬಂತು. ಓಸ್ಮೊ ಎರಡನೆಯ ಭಾಗದಲ್ಲಿ ತಾಳ ಬಿಟ್ಟು ಮುಂದೆ ಓಡುತ್ತಾನೆ. ಮೂರು ಸಲ ನಿಲ್ಲಿಸಿ ಹೇಳಬೇಕಾಯಿತು.

ಆಮೇಲೆ ನೋಡಿದರೆ ಗ್ಯಾರೇಜಿನ ಬಾಗಿಲಲ್ಲಿ ಒಬ್ಬ ಗಂಡಸು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಾನೆ. ಶಾಲೆಯ ಬಸ್ಸು ಓಡಿಸುವ ಸೆಪ್ಪೊ. ಐವತ್ತರ ಮೇಲಿನ ಆಸಾಮಿ.

"ಸುಮ್ನೆ ಕೇಳು ಒಂದ್ಸಲ" ಎಂದ ಓಸ್ಮೊ.

"ಯಾತಕ್ಕೆ? ಯಾರೂ ಹಾಡೋ ಹಾಗಿಲ್ಲ ಅಂತ ಹೇಳಿಲ್ವಾ?"

"ಕೇಳೋಕೆ ಏನು ಕಾಸು ಕೊಡಬೇಕಾ?"

ಸೆಪ್ಪೊ ಹಾಡಿದ. ಎರಡನೇ ಸಾಲಿಗೆ ನಾನು ಬಾರಿಸುವುದು ನಿಲ್ಲಿಸಿದೆ. ಅದು ರೈನೆಯೇ. ಸಾಲಿನ ಕೊನೆಯಲ್ಲಿ ಸ್ವರವನ್ನು ಎಳೆದು ಬಿಡುವುದು, ಮಧ್ಯೆ ಗಂಟಲು ಸರಿಮಾಡಿಕೊಳ್ಳುವುದು, ಎಲ್ಲ. ಅವನ ಕೆಮ್ಮನ್ನೂ ಕಲಿತಿದ್ದಾನೆ ಮಹಾರಾಯ! ಓಸ್ಮೊ ಡ್ರಮ್ಮಿನ ಹಿಂದೆ ತಲೆ ತಗ್ಗಿಸಿ ಅಳುತ್ತಿದ್ದ. "ನೋಡು, ಕಣ್ಣು ಮುಚ್ಚಿದ್ರೆ ಅವನೇ. ಜನಕ್ಕೆ ಗೊತ್ತೇ ಆಗಲ್ಲ" ಎಂದ.

ನನಗೆ ರೇಗಿಹೋಯಿತು. "ಜನಕ್ಕೆ ಗೊತ್ತಾಗಬಾರದು ಅಂದ್ರೆ ಅವನನ್ನ ಮಣ್ಣು ಮಾಡಿದ್ದು ಯಾಕೆ?" ಎಂದೆ. ಸೆಪ್ಪೊನ ಕಡೆ ತಿರುಗಿ, "ನೀವು ಬಸ್ಸಲ್ಲಿ ಒಬ್ಬರೇ ಇದ್ದಾಗ ಹೀಗೇ ಹಾಡ್ತೀರಾ?" ಎಂದು ಕೇಳಿದೆ.

"ಇಲ್ಲ."

"ಹೇಗೆ ಹಾಡ್ತೀರೋ ಹಾಗೆ ಹಾಡಿ."

ಅವನು ಕೆಂಪಗಾದ. ಕೊಂಚ ತಡೆದು ಹಾಡಿದ. ತೆಳ್ಳನೆಯ ಗಂಟಲು, ಎತ್ತರದ ಸ್ವರದಲ್ಲಿ ಒಂದಿಷ್ಟು ನಡುಗುತ್ತದೆ. ಅಂಥ ಮಹಾ ಏನಲ್ಲ. ಆದರೆ ಮಾತು ಅರ್ಥವಾಗುತ್ತದೆ, ಸುಳ್ಳಿಲ್ಲ. "ಉಸಿರು ಸಾಲಿನ ಮಧ್ಯೆ ತಗೋಬೇಡಿ. ವಾಲ್ಟ್ಜ್ ಬರುತ್ತಾ?" ಎಂದೆ. ಬರುತ್ತದಂತೆ. ಎರಡು ಹಾಡಿಸಿದೆ. ಯಾಕೆ ಹಾಡಿಸಿದೆನೋ, ಹೇಗೂ ಮುಗಿದು ಹೋಗುವ ಮೇಳಕ್ಕೆ.

ಮನೆಗೆ ಬಂದು ಊಟ ಮರೆತು ಮಲಗಿದೆ. ಸುಸ್ತು.

ಮೇ 23, ಶನಿವಾರ

ಟಾವಿ ಮುದುಕ ಹೋದ, ಇವತ್ತು ಅವನ ಮಣ್ಣು. ಪಕ್ಕದ ಸೀಮೆಯ ದೊಡ್ಡ ಬ್ಯಾಂಡಿನ ಯಜಮಾನ. ಅವನಿಗೂ ರೈನೆಗೂ ಜೀವಮಾನವಿಡೀ ಎಣ್ಣೆ ಸೀಗೇಕಾಯಿ. ಒಬ್ಬರ ಶನಿವಾರದ ಕಾರ್ಯಕ್ರಮವನ್ನು ಇನ್ನೊಬ್ಬರು ಕದಿಯುವುದೇ ಕೆಲಸ. ಹತ್ತು ಜನ ಹಿತ್ತಾಳೆ ವಾದ್ಯದವರನ್ನು ಕಟ್ಟಿಕೊಂಡು ಮೆರೆದವನ ಪೆಟ್ಟಿಗೆ ಹೊರಲು ಇವತ್ತು ಅವನ ಬ್ಯಾಂಡಿನವರು ಯಾರೂ ಉಳಿದಿರಲಿಲ್ಲ. ಅಣ್ಣನ ಮಕ್ಕಳು ಹೊತ್ತರು. ಅದನ್ನು ನೋಡಿ ಅತ್ತುಬಿಟ್ಟೆ. ರೈನೆಗೆ ಬಾರದ ಅಳು ಟಾವಿಗೆ ಬಂತು. ಅವನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೂ ಇರಲಿಲ್ಲ.

ಮಂಟಪ ನೋಡಿಕೊಳ್ಳುವ ಕೆರ್ಟ್ಟು ಕಾಫಿಯ ಸಾಲಿನಲ್ಲಿ ಹಿಡಿದುಕೊಂಡಳು. "ಹೆಸರು ಯಾರು ಹೇಳ್ತಾರೆ ಜೂನ್ ಆರನೇ ತಾರೀಕು?"

"ನನ್ನ ಯಾಕೆ ಕೇಳ್ತೀಯ?"

"ಮತ್ತ್ಯಾರನ್ನ ಕೇಳ್ಲಿ? ಟಾರ್ಮೊನನ್ನ ಕೇಳ್ಲಾ? ಅವನು ತನ್ನ ಮದುವೇಲೇ ಪಾದ್ರಿಗೆ ಹೂಂ ಅಂದನೋ ಇಲ್ವೋ ಅಂತ ಅನುಮಾನ." ಆಮೇಲೆ ದನಿ ತಗ್ಗಿಸಿದಳು. "ಮಧ್ಯಬೇಸಿಗೆ ಹಬ್ಬದ ಶನಿವಾರ ಇನ್ನೂ ನಿಮ್ಮ ಹೆಸರಲ್ಲೇ ಇಟ್ಟಿದ್ದೀನಿ. ಬೇರೆ ಬ್ಯಾಂಡು ಕೇಳ್ತಾ ಇದೆ. ಏನಂತ ಹೇಳ್ಲಿ?"

ಮೈರೆಯನ್ನು ಕೇಳು ಎಂದೆ. ಮೈರೆ ಏನು ಹೇಳುತ್ತಾಳೆಂದು ಇಬ್ಬರಿಗೂ ಗೊತ್ತಿತ್ತು. ಕೆರ್ಟ್ಟು ನಿಟ್ಟುಸಿರು ಬಿಟ್ಟಳು. "ಆರನೇ ತಾರೀಕು ಆಗಿಹೋಗ್ಲಿ. ಅಲ್ಲೀವರೆಗೂ ಯಾರಿಗೂ ಕೊಡಲ್ಲ" ಎಂದಳು.

ಜೂನ್ 5, ಶುಕ್ರವಾರ

ನಾಳೆ.

ಓಸ್ಮೊ ಸಾಮಾನು ತುಂಬಲು ಬಂದಿದ್ದ, ಕೆಸರು ಮೆತ್ತಿದ ಬೂಟಿನಲ್ಲಿ. "ನಾಳೆ ಇದನ್ನೇ ಹಾಕ್ಕೊಂಡು ಬಂದ್ಯೋ, ವಾಪಸ್ ಕಳಿಸ್ತೀನಿ. ಜನ ಮೊದಲು ನೋಡೋದು ಕಾಲು" ಎಂದೆ. ಅವನು ನನ್ನನ್ನೇ ನೋಡುತ್ತಾ ನಿಂತ. "ಏನು?" ಎಂದೆ. "ಏನಿಲ್ಲ ಬಿಡು" ಎಂದ. ಇತ್ತೀಚೆಗೆ ಇವನಿಗೆ ಏನು ಹೇಳಿದರೂ ಹೀಗೇ.

ಒಂದು ಟ್ಯಾಂಗೊ. ಆಮೇಲೆ ಅಕಾರ್ಡಿಯನ್ನಿಗೆ ಹೊದಿಕೆ ಹಾಕಿ ಇಟ್ಟುಬಿಡುತ್ತೇನೆ. ಬೇಸಿಗೆಯಲ್ಲಿ ತಂಗಿಯ ಊರಿಗೆ ಹೋಗಿ ಮೀನು ಹಿಡಿಯಬಹುದು. ಶನಿವಾರ ಸಂಜೆ ಸೌನಾದ ಬಿಸಿ ಹಬೆಯಲ್ಲಿ ಮಿಂದು ಎಲ್ಲರಂತೆ ಮನೆಯಲ್ಲಿರಬಹುದು. ಎಷ್ಟು ವರ್ಷದಿಂದ ಬಯಸಿದ್ದು. ಆ ಹೊದಿಕೆ ಎಲ್ಲಿದೆಯೆಂದು ಮಾತ್ರ ಇನ್ನೂ ಹುಡುಕಿಲ್ಲ.

ಜೂನ್ 7, ಭಾನುವಾರ

ಮಧ್ಯಾಹ್ನಕ್ಕೆ ಎದ್ದೆ. ಭುಜ ಎತ್ತಲಾಗುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ, ನಾಳೆ ಓಸ್ಮೊ ಬೇರೆಯೇ ಕಥೆ ಹೇಳುತ್ತಾನೆ.

ನಿನ್ನೆ ಮಂಟಪದ ನೆಲ ತುಂಬ ಜನ. ಬಸ್ಸುಗಳಲ್ಲಿ ಬಂದಿದ್ದರು. ಕೆರ್ಟ್ಟು ಬಾಗಿಲಿಗೆ ಎಳೆಯ ಬರ್ಚ್ ಕೊಂಬೆ ಕಟ್ಟಿಸಿದ್ದಳು. ಮೈರೆ ಈ ಸಲ ಕಾಫಿ ಗೂಡಿಗೆ ಹೋಗಲಿಲ್ಲ, ಕಪ್ಪು ಉಡುಪಿನಲ್ಲಿ ಮುಂದಿನ ಬೆಂಚಿನ ತುದಿಯಲ್ಲಿ ಕೂತಿದ್ದಳು.

ಹೆಸರುಗಳನ್ನು ನಾನೇ ಹೇಳಿದೆ. ಬೇರೆ ಯಾರೂ ಮೈಕಿನ ಹತ್ತಿರ ಬರಲಿಲ್ಲ. ಅರ್ಮಸ್, ಟಾವಿ, ಉತ್ತರದ ಕಡೆಯ ಇಬ್ಬರು. ರೈನೆಯದನ್ನು ಕೊನೆಗಿಟ್ಟಿದ್ದೆ. ಎಲ್ಲರ ಹೆಸರಿನ ಜೊತೆಗೂ ಊರು, ವಾದ್ಯ ಹೇಳುವುದು ರೂಢಿ. ರೈನೆಗೆ ಏನು ಹೇಳಬೇಕೋ ತೋಚದೆ, "ರೈನೆ, ಇಲ್ಲಿಯವನು" ಎಂದೆ. ಅಷ್ಟಕ್ಕೇ ಹೆಂಗಸರ ಬೆಂಚಿನಲ್ಲಿ ಕರವಸ್ತ್ರಗಳು ಹೊರಬಂದವು.

ಕೆರ್ಟ್ಟು ಮೈಕು ತೆಗೆದುಕೊಂಡು, ಮನೆಯವರ ಇಚ್ಛೆಯಂತೆ ನೆನಪಿಗಾಗಿ ಒಂದೇ ಟ್ಯಾಂಗೊ, ಅಲ್ಲಿಗೆ ಈ ಮೇಳ ಮುಗಿಯುತ್ತದೆ ಎಂದು ಹೇಳಿದಳು. ಜನ ಮುಖ ಮುಖ ನೋಡಿಕೊಂಡರು. ಆಗ ಗರಗಸದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದ ಎಲ್ಮೆರಿ, ಬೋಳುತಲೆಯ ಎತ್ತರದ ಮನುಷ್ಯ, ಗಂಡಸರ ಸಾಲಿನಿಂದ ಹೊರಟು ನೆಲ ದಾಟಿ ಮೈರೆಯ ಮುಂದೆ ನಿಂತು ತಲೆ ಬಾಗಿಸಿದ. ಕರೆದವರಿಗೆ ಇಲ್ಲ ಎನ್ನುವ ಹಾಗಿಲ್ಲ. ಮೈರೆ ಆಚೀಚೆ ನೋಡಿದಳು. ಕೈಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಪಕ್ಕದವಳ ಮಡಿಲಿಗೆ ಹಾಕಿ ಎದ್ದಳು.

ಬಾರಿಸಿದೆವು. ರೈನೆಯ ಟ್ಯಾಂಗೊ, ನಾನು ಎತ್ತಿದ ಶ್ರುತಿಯಲ್ಲಿ. ಉಳಿದವರೂ ಜೋಡಿ ಜೋಡಿಯಾಗಿ ನೆಲಕ್ಕೆ ಬಂದರು. ಓಸ್ಮೊ ಎಲ್ಲೂ ಓಡಲಿಲ್ಲ. ಮೈರೆ ಮೊದಲ ಕೆಲವು ಹೆಜ್ಜೆ ಮರದ ತುಂಡಿನಂತೆ ಇಟ್ಟಳು. ಎಲ್ಮೆರಿಗೆ ಅವಸರ ಇರಲಿಲ್ಲ. ನಡುವೆ ಎಲ್ಲೋ ಅವಳ ಭುಜ ಇಳಿಯಿತು, ಕಣ್ಣು ಮುಚ್ಚಿದಳು. ಆಮೇಲೆ ನಾನು ನೋಡಲಿಲ್ಲ, ನೋಡಿದರೆ ಬೆರಳು ತಪ್ಪುತ್ತಿತ್ತು.

ಮುಗಿಯಿತು. ಕೊಟ್ಟ ಮಾತಿನಂತೆ ಅಕಾರ್ಡಿಯನ್ ಮುಚ್ಚಿ, ಒಂದು ತೋಳಿನ ಪಟ್ಟಿ ಕಳಚಿದೆ. ಓಸ್ಮೊ ಕೋಲುಗಳನ್ನು ಕೆಳಗಿಟ್ಟ.

ನೆಲದಿಂದ ಒಬ್ಬರೂ ಕದಲಲಿಲ್ಲ. ಹಟಕ್ಕಲ್ಲ. ಒಂದೇ ಎಂದು ಕಿವಿಯಲ್ಲಿ ಕೇಳಿದ್ದರು, ಕಾಲಿಗೆ ಅದು ಗೊತ್ತಿರಲಿಲ್ಲ. ಎಲ್ಲರೂ ಜೊತೆಗಾರರ ಪಕ್ಕದಲ್ಲಿ ಎರಡನೆಯದಕ್ಕೆ ಕಾಯುತ್ತಾ ಸುಮ್ಮನೆ ನಿಂತಿದ್ದರು. ಎಲ್ಮೆರಿಯ ಕಿವಿ ಕೆಂಪಾಗಿತ್ತು. ಮೈರೆಯನ್ನು ಬೆಂಚಿಗೆ ಕರೆದೊಯ್ದರೆ ಅವಮಾನ, ನಿಲ್ಲಿಸಿಕೊಂಡರೆ ಅವಳದೇ ಅಪ್ಪಣೆ ಮೀರಿದಂತೆ. ಅವಳ ಕೈ ಹಿಡಿದುಕೊಂಡು ನಿಂತಲ್ಲೇ ಬೆವೆತ. ಮೈರೆಯೂ ನಿಂತೇ ಇದ್ದಳು. ಅವಳ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಸಿಟ್ಟು. ಅಷ್ಟೂ ಜನ ತನ್ನನ್ನೇ ನೋಡುತ್ತಿದ್ದಾರೆ, ತಾನು ನೆಲದ ನಡುವೆ ಅರ್ಧಕ್ಕೆ ನಿಂತಿದ್ದೇನೆ ಎನ್ನುವುದು ಆಗ ಅವಳಿಗೆ ತಾಗಿತೆಂದು ಕಾಣುತ್ತದೆ.

"ಹೆಲ್ಕಾ!" ಎಂದಳು, ಮಂಟಪಕ್ಕೆಲ್ಲ ಕೇಳುವ ಹಾಗೆ. "ಏನು ಬೊಂಬೆ ಥರ ನೋಡ್ತಿದ್ದೀಯ? ಈ ಮನುಷ್ಯ ನನ್ನನ್ನ ಒಂದಕ್ಕೇ ಕೈಬಿಟ್ಟು ಹೋಗ್ಬೇಕಾ? ನನಗೇನು ಮೈಲಿ ಬೇನೆಯಾ?"

"ನೀನೇ ತಾನೇ ಒಂದು ಅಂದಿದ್ದು!"

"ಅಂದೆ! ಅವಾಗ ಕೂತ್ಕೊಂಡು ಅಂದೆ!"

ಜನ ಹೋ ಎಂದು ನಕ್ಕರು. ನಾನು ಅಭ್ಯಾಸಬಲದಿಂದ ಬಲಕ್ಕೆ ನೋಡಿದೆ. ಅಲ್ಲಿ ಬೂಟು ಇರಲಿಲ್ಲ, ಬರೀ ಹಲಗೆ ಇತ್ತು. ಹಿಂದಿನಿಂದ ಓಸ್ಮೊ, "ಎಣಿಸೇ ತಾಯಿ, ಎಲ್ಮೆರಿ ಸತ್ತೇಹೋಗ್ತಾನೆ" ಎಂದ. ಪಟ್ಟಿ ಹಾಕಿಕೊಂಡು ಎಣಿಸಿದೆ.

ಎರಡನೆಯ ಟ್ಯಾಂಗೊ ಯಾವುದೆಂದು ಮಾತಾಗಿರಲಿಲ್ಲ. ಕೈಗೆ ಬಂದದ್ದನ್ನು ಹಿಡಿದೆ, ಅವರಿಬ್ಬರೂ ಹಿಂದೆ ಬಂದರು. ಅದು ಮುಗಿದ ಮೇಲೆ ಎಲ್ಮೆರಿ ಮೈರೆಯನ್ನು ಬೆಂಚಿನವರೆಗೆ ಕರೆತಂದು ತಲೆ ಬಾಗಿಸಿದ. ಅಲ್ಲಿಗೆ ನಾವು ಏಳಬೇಕಿತ್ತು. ತಪ್ಪು ನನ್ನದೇ. ಜನ ಇನ್ನೂ ಬೆಂಚಿಗೆ ಹಿಂತಿರುಗುತ್ತಿರುವಾಗಲೇ ವಾಲ್ಟ್ಜ್ ಎತ್ತಿಕೊಂಡುಬಿಟ್ಟೆ. ಸೆಪ್ಪೊ ಗುಂಪಿನಲ್ಲಿ ನಿಂತಿದ್ದ. ಅವನೇ ಮೇಲೆ ಬಂದ. ನಾನು ಮೈಕಿನಲ್ಲಿ ಅವನ ಹೆಸರು ಹಿಡಿದು ಗದರಿ ಕರೆದೆ ಎನ್ನುತ್ತಾನೆ ಓಸ್ಮೊ. ನನಗೆ ನೆನಪಿಲ್ಲ. ತೆಳ್ಳನೆಯ ಗಂಟಲಲ್ಲಿ ಹಾಡಿದ, ಒಂದು ಕಡೆ ಉಸಿರು ತಪ್ಪಿದ. ಯಾರೂ ರೈನೆಯ ಹಾಗಿಲ್ಲ ಎನ್ನಲಿಲ್ಲ. ಮುಚ್ಚುವ ಹೊತ್ತಿನವರೆಗೂ ಬಾರಿಸಿದೆವು.

ಹೆಂಗಸರು ಕರೆಯುವ ಸರದಿಯಲ್ಲಿ ಮೈರೆ ತಾನೇ ಎದ್ದು ಗಂಡಸರ ಸಾಲಿನ ಕಡೆ ನಡೆದಳು.

ಜೂನ್ 10, ಬುಧವಾರ

ಮೈರೆ ಫೋನ್ ಮಾಡಿದಳು. ಬೈಯುತ್ತಾಳೆಂದು ನಿಂತುಕೊಂಡೇ ಎತ್ತಿದೆ.

"ರೈನೆ ಹೆಸರು ಸಮಾಧಿ ಕಲ್ಲಿಗೆ ಕೆತ್ತಿಸ್ತಾ ಇದ್ದೀನಿ. ಪೋಸ್ಟರಲ್ಲೂ ಇರೋದು ಬೇಡ. ನೀವು ಬೇರೆ ಹೆಸರು ನೋಡ್ಕೊಳ್ಳಿ" ಎಂದಳು.

"ನೋಡ್ಕೊಳ್ಳಿ ಅಂದ್ರೆ?"

"ಅಂದ್ರೆ ಅಷ್ಟೇ. ಕನ್ನಡಿ ಹಿಡಿದು ತೋರಿಸ್ಬೇಕಾ ನಿನಗೆ?" ಎಂದು ಫೋನಿಟ್ಟಳು. ಮತ್ತೆ ಕೂಡಲೇ ಮಾಡಿದಳು. "ಮಧ್ಯಬೇಸಿಗೆ ಹಬ್ಬಕ್ಕೆ ಎಷ್ಟು ಹೊತ್ತಿಗೆ ಶುರು? ಬಸ್ಸು ನೋಡ್ಬೇಕು."

ಕೆರ್ಟ್ಟುಗೆ ತಿಳಿಸಿದೆ. ಟಾರ್ಮೊನ ಮೂರನೇ ತಂತಿ ಹಳತಾಗಿದೆ, ಬದಲಾಯಿಸಲು ಹೇಳಬೇಕು. ಸೆಪ್ಪೊಗೆ ಬಿಳಿ ಅಂಗಿ ಇದೆಯೋ ಇಲ್ಲವೋ ಕೇಳಬೇಕು. ವ್ಯಾನಿನ ಹಿಂದಿನ ಬಾಗಿಲು ಸರಿಯಾಗಿ ಹಾಕಿಕೊಳ್ಳುತ್ತಿಲ್ಲ. ಓಸ್ಮೊ ಯಾವಾಗಲೂ ತಡ. ಅವನಿಗೆ ಒಂದು ಗಂಟೆ ಮೊದಲಿನ ಹೊತ್ತು ಹೇಳುವುದು ವಾಸಿ.

ಜೂನ್ 21, ಭಾನುವಾರ

ನಿನ್ನೆ ಹಬ್ಬ. ಸೊಳ್ಳೆ ಕಚ್ಚಿ ಕಚ್ಚಿ ಕೈಯೆಲ್ಲ ದದ್ದು. ಕೆರೆಯ ಆಚೆ ದಂಡೆಯಲ್ಲಿ ಹೊತ್ತಿಸಿದ ಹಬ್ಬದ ಬೆಂಕಿಯ ಹೊಗೆ ನಮ್ಮ ಕಡೆಯೇ ಬಂತು, ಸೆಪ್ಪೊ ಕೆಮ್ಮಿದ. ಇದು ಅವನದೇ ಕೆಮ್ಮು. ಕೆರ್ಟ್ಟು ನನ್ನನ್ನು ಕೇಳದೆ ಪೋಸ್ಟರಿನಲ್ಲಿ ದೊಡ್ಡದಾಗಿ 'ಹೆಲ್ಕಾ ಮತ್ತು ಸಂಗಡಿಗರು' ಎಂದು ಹಾಕಿಸಿದ್ದಾಳೆ. ಬೇರೆ ಹೆಸರು ಸಿಗುವವರೆಗೆ ಇರಲಿ ಎಂದು ಬಿಟ್ಟಿದ್ದೇನೆ. ಮೈರೆ ಮೊದಲಿನಿಂದ ಕೊನೆಯವರೆಗೂ ಕುಣಿದಳು. ಎಲ್ಮೆರಿಯ ಜೊತೆ, ಬೇರೆಯವರ ಜೊತೆ, ಬೂಟು ಬಿಚ್ಚಿ ಬರಿಗಾಲಲ್ಲಿ ಕೂಡ.

ಇವತ್ತು ವ್ಯಾನಿನಿಂದ ಸಾಮಾನು ಇಳಿಸುವಾಗ ಓಸ್ಮೊ, "ರೈನೆ ಇದ್ದಿದ್ರೆ ಆ ಪೋಲ್ಕಾಗೆ ಏನಂತಿದ್ದ?" ಎಂದ. ನನ್ನ ಕೈ ನಿಂತಿತು. ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಅಲ್ಲಿಯವರೆಗೆ ರೈನೆ ಒಂದು ಸಲವೂ ನೆನಪಿಗೆ ಬಂದಿರಲಿಲ್ಲ. ಅವನ ಟ್ಯಾಂಗೊ ಬಾರಿಸಿದಾಗಲೂ ಇಲ್ಲ. ಸೆಪ್ಪೊನ ಉಸಿರನ್ನೇ ನೋಡುತ್ತಿದ್ದೆ.

ಒಳಗೆ ಹೋಗಿ ಅಡುಗೆಮನೆಯಲ್ಲಿ ಕೂತು ಅತ್ತೆ. ಫೆಬ್ರವರಿಯಿಂದ ಬಾರದ್ದೆಲ್ಲ ಬಂತು. ನಾಚಿಕೆಯೂ ಆಯಿತು. ಎಷ್ಟು ಬೇಗ! ಟಾವಿಗೆ ಅಳುವವಳು, ಅರ್ಮಸನ ಶ್ರುತಿ ನೆನಪಿಟ್ಟುಕೊಂಡವಳು, ಇವನನ್ನೇ ಮರೆತೆನಲ್ಲ. ತಡೆಯದೆ ಮೈರೆಗೆ ಫೋನ್ ಮಾಡಿದೆ. ಬೇರೆ ಯಾರಿಗೆ ಹೇಳುವುದು?

"ನಿನ್ನೆ ಇಡೀ ದಿನ ರೈನೆ ನೆನಪೇ ಆಗ್ಲಿಲ್ಲ ಕಣೇ" ಎಂದೆ.

ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು, ಅವಳ ಮನೆಯದೋ ನನ್ನದೋ.

"ನನಗೂ" ಎಂದಳು ಮೈರೆ.

ಇಬ್ಬರೂ ಬಹಳ ಹೊತ್ತು ಫೋನ್ ಇಡಲಿಲ್ಲ.